ವರದಿಯಲ್ಲಿ 0.15, ಯಂತ್ರದ ಮೇಲೆ ಕಿರುಗುಟ್ಟುವ ಸದ್ದು: ಫಿಲ್ಮ್ ಮತ್ತು ರಟ್ಟಿನ ಪೆಟ್ಟಿಗೆಯ ಘರ್ಷಣೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ಆಲೆಮನೆ_ಮಂಡ್ಯ

ಎಲ್ಲರಿಗೂ ನಮಸ್ಕಾರ.

ಮಂಡ್ಯದ ಹತ್ತಿರ ನಮ್ಮದೊಂದು ಸಣ್ಣ ಘಟಕವಿದೆ. ಆಲೆಮನೆಗಳಿಂದ ಬರುವ ಬೆಲ್ಲವನ್ನು ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ಅರ್ಧ ಕೆಜಿ ಮತ್ತು ಒಂದು ಕೆಜಿಯ ಪೌಚುಗಳಲ್ಲಿ ತುಂಬಿ ಮಾರುತ್ತೇವೆ. ನಾವು ಬಳಸುವ ಫಿಲ್ಮ್ ಎರಡು ಪದರದ್ದು. ಹೊರಗಿನದು 12 ಮೈಕ್ರಾನ್ ಪಾಲಿಯೆಸ್ಟರ್, ಮುದ್ರಣವೆಲ್ಲ ಅದರ ಹಿಂಬದಿಯಲ್ಲಿದೆ. ಒಳಗಿನದು 60 ಮೈಕ್ರಾನ್ ಪಾಲಿಎಥಿಲೀನ್. ತುಂಬುವ ಯಂತ್ರ ನಿಲುವಿನದು, ಅಂದರೆ ರೋಲಿನಿಂದ ಬಿಚ್ಚಿಕೊಂಡ ಫಿಲ್ಮ್ ಅದನ್ನು ಕೊಳವೆಯಾಕಾರಕ್ಕೆ ಬಗ್ಗಿಸುವ ಕಾಲರ್ ಮೇಲೆ ಹತ್ತಿ, ಉಕ್ಕಿನ ಕೊಳವೆಯನ್ನು ಸುತ್ತಿಕೊಂಡು, ಎರಡು ಬದಿಯ ಬೆಲ್ಟುಗಳು ಎಳೆದಂತೆ ಕೆಳಗಿಳಿದು ಸೀಲಾಗುತ್ತದೆ.

ಕೆಲವು ರೋಲುಗಳು ಬೆಳಗಿನಿಂದ ಸಂಜೆಯವರೆಗೆ ಯಾವ ತಕರಾರೂ ಇಲ್ಲದೆ ಓಡುತ್ತವೆ. ಇನ್ನು ಕೆಲವು ರೋಲುಗಳಲ್ಲಿ, ಅದರಲ್ಲೂ ಮಧ್ಯಾಹ್ನದ ಬಿಸಿಲಿನ ಹೊತ್ತಿಗೆ, ಕಾಲರ್ ಬಳಿ ಕಿರುಗುಟ್ಟುವ ಸದ್ದು ಶುರುವಾಗುತ್ತದೆ. ಪೌಚಿನ ಉದ್ದ ಹೆಚ್ಚುಕಡಿಮೆಯಾಗಿ, ಅಡ್ಡ ಸೀಲು ಮುದ್ರಣದ ಮೇಲೆಯೇ ಬಂದು ಕೂರುತ್ತದೆ. ಫಿಲ್ಮ್ ಒದಗಿಸುವವರನ್ನು ಕೇಳಿದರೆ ಪ್ರತಿ ರೋಲಿನೊಂದಿಗೆ ಬರುವ ವರದಿಯನ್ನು ತೋರಿಸುತ್ತಾರೆ. ಅದರಲ್ಲಿ 'ಘರ್ಷಣಾ ಗುಣಾಂಕ: 0.15' ಎಂಬ ಒಂದು ಸಾಲಿದೆ, ಅದಕ್ಕಿಂತ ಹೆಚ್ಚಿನ ವಿವರವಿಲ್ಲ. ಚೆನ್ನಾಗಿ ಓಡಿದ ರೋಲಿಗೂ ತೊಂದರೆ ಕೊಟ್ಟ ರೋಲಿಗೂ ಅಂಕಿ ಹೆಚ್ಚುಕಡಿಮೆ ಅದೇ.

ಈ ಅಂಕಿಯನ್ನು ಹೇಗೆ ಅಳೆಯುತ್ತಾರೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು, ದುಬಾರಿ ಉಪಕರಣವಿಲ್ಲದೆ ನಮ್ಮ ಘಟಕದಲ್ಲಿಯೇ ಅಂದಾಜು ತಿಳಿಯುವ ದಾರಿ ಇದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಇದರ ಜೊತೆಗೆ ಇನ್ನೊಂದು ವಿಷಯ. ಪೌಚುಗಳನ್ನು ತುಂಬುವ ರಟ್ಟಿನ ಪೆಟ್ಟಿಗೆಗಳನ್ನು ಇತ್ತೀಚೆಗೆ ಮಿರುಗುವ ವಾರ್ನಿಷ್ ಹಾಕಿಸಿ ಮಾಡಿಸಿದ್ದೇವೆ. ನೋಡಲು ಚೆಂದವಾಗಿವೆ, ಆದರೆ ಲಾರಿಯಲ್ಲಿ ಮೇಲಿನ ಸಾಲುಗಳು ಜಾರಿ ಬೀಳುತ್ತಿವೆ. ಪೆಟ್ಟಿಗೆಗೂ ಇದೇ ಬಗೆಯ ಅಳತೆ ಉಂಟೇ?

ಉತ್ತರ: ಪರೀಕ್ಷಾಲಯ_ಹೆಬ್ಬಾಳ

ಮಾನ್ಯರೇ, ನಿಮ್ಮ ವರದಿಯಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದೇ ಇಲ್ಲಿ ಮುಖ್ಯ. 0.15 ಎಂಬುದು ಯಾವ ಮೈ ಯಾವ ಮೈಯ ಮೇಲೆ ಜಾರಿದಾಗ ಬಂದ ಅಂಕಿ? ದಪ್ಪ, ತೂಕ, ಬಣ್ಣಗಳನ್ನು ಒಂದು ಫಿಲ್ಮಿಗೆ ಸೇರಿದ ಗುಣಗಳೆಂದು ಹೇಳಬಹುದು. ಘರ್ಷಣಾ ಗುಣಾಂಕವನ್ನು ಹಾಗೆ ಹೇಳಲು ಬರುವುದಿಲ್ಲ. ಅದು ಎರಡು ಮೈಗಳ ನಡುವಿನ ಲೆಕ್ಕ. ಒಳಮೈಗೆ ಒಳಮೈ, ಹೊರಮೈಗೆ ಹೊರಮೈ, ಒಳಮೈಗೆ ಉಕ್ಕು, ಹೊರಮೈಗೆ ಉಕ್ಕು, ಇವು ನಾಲ್ಕೂ ಒಂದೇ ರೋಲಿನಿಂದ ಬರುವ ನಾಲ್ಕು ಬೇರೆ ಬೇರೆ ಅಂಕಿಗಳು. ಯಾವುದೆಂದು ಬರೆಯದೆ ಬರೀ 0.15 ಎಂದು ಕೊಟ್ಟಿದ್ದರೆ, ಬಹುಮಟ್ಟಿಗೆ ಅದು ಒಳಮೈಗೆ ಒಳಮೈ ಅಂಕಿಯಾಗಿರುತ್ತದೆ, ಏಕೆಂದರೆ ಎಲ್ಲಕ್ಕಿಂತ ಕಡಿಮೆ ಬರುವುದು, ನೋಡಲು ಚೆನ್ನಾಗಿರುವುದು ಅದೇ.

ಅಳೆಯುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಫಿಲ್ಮುಗಳಿಗೆ ನಮ್ಮಲ್ಲಿ ಹೆಚ್ಚಾಗಿ ಅನುಸರಿಸುವುದು ಅಮೆರಿಕದ ಮಾನಕ ಸಂಸ್ಥೆಯ ಎಎಸ್‌ಟಿಎಂ ಡಿ 1894 ಎಂಬ ವಿಧಾನವನ್ನು. ಮಟ್ಟವಾದ ಮೇಜಿನ ಮೇಲೆ ಸುಮಾರು 250 ಮಿ.ಮೀ. ಉದ್ದ, 130 ಮಿ.ಮೀ. ಅಗಲದ ಫಿಲ್ಮ್ ತುಂಡನ್ನು ಸುಕ್ಕಿಲ್ಲದಂತೆ ಅಂಟಿಸುತ್ತೇವೆ. ಸ್ಲೆಡ್ ಎಂದು ಕರೆಯುವ 63.5 ಮಿ.ಮೀ. ಚದರದ ಲೋಹದ ಬಿಲ್ಲೆಗೆ ತೆಳುವಾದ ಫೋಮ್ ರಬ್ಬರ್ ಹೊದಿಸಿ, ಅದರ ಮೇಲೆ ಇನ್ನೊಂದು ತುಂಡು ಫಿಲ್ಮನ್ನು ಬಿಗಿಯಾಗಿ ಸುತ್ತುತ್ತೇವೆ. ಸ್ಲೆಡ್ಡಿನ ತೂಕ 200 ಗ್ರಾಂ. ಅದನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ದಾರದ ಮೂಲಕ ಬಲವನ್ನು ಅಳೆಯುವ ಲೋಡ್ ಸೆಲ್ಲಿಗೆ ಸೇರಿಸಿ, ನಿಮಿಷಕ್ಕೆ 150 ಮಿ.ಮೀ. ವೇಗದಲ್ಲಿ ಎಳೆಯುತ್ತೇವೆ. ಸ್ಲೆಡ್ ಕದಲುವ ಕ್ಷಣದಲ್ಲಿ ಗ್ರಾಫಿನಲ್ಲಿ ಒಂದು ಮೊನೆ ಏಳುತ್ತದೆ. ಅದರಿಂದ ಸ್ಥಾಯಿ ಘರ್ಷಣೆಯ ಗುಣಾಂಕ ಸಿಗುತ್ತದೆ. ಆಮೇಲೆ ಒಂದೇ ವೇಗದಲ್ಲಿ ಸಾಗುವಾಗಿನ ಬಲದ ಸರಾಸರಿಯಿಂದ ಜಾರು ಘರ್ಷಣೆಯ ಗುಣಾಂಕ ಸಿಗುತ್ತದೆ. ಮೂಟೆಯನ್ನು ನೆಲದ ಮೇಲೆ ಎಳೆದವರಿಗೆಲ್ಲ ಈ ಎರಡರ ವ್ಯತ್ಯಾಸ ಗೊತ್ತು: ಕದಲಿಸುವುದು ಕಷ್ಟ, ಕದಲಿದ ಮೇಲೆ ಅಷ್ಟು ಕಷ್ಟವಿಲ್ಲ.

ಲೆಕ್ಕ ಸರಳವಾದದ್ದು: ಎಳೆಯುವ ಬಲವನ್ನು ಒತ್ತುವ ಬಲದಿಂದ ಭಾಗಿಸಿದರೆ ಗುಣಾಂಕ. 200 ಗ್ರಾಂ ಸ್ಲೆಡ್ ಮೇಜನ್ನು ಒತ್ತುವ ಬಲ 1.96 ನ್ಯೂಟನ್. ಎಳೆಯಲು 0.29 ನ್ಯೂಟನ್ ಬೇಕಾದರೆ ಗುಣಾಂಕ 0.15, 0.59 ನ್ಯೂಟನ್ ಬೇಕಾದರೆ 0.30. ಇಲ್ಲಿ ಗಮನಿಸಬೇಕಾದದ್ದು, ನಾವು ಅಳೆಯುತ್ತಿರುವ ಬಲ ಎಷ್ಟು ಸಣ್ಣದು ಎಂಬುದನ್ನು. ಸೀಲಿನ ಬಲ, ಫಿಲ್ಮ್ ಹರಿಯುವ ಬಲ ಇವುಗಳನ್ನು ನೋಡುವ ಯಂತ್ರದ 500 ನ್ಯೂಟನ್ ಲೋಡ್ ಸೆಲ್ಲನ್ನೇ ಇದಕ್ಕೂ ಬಳಸಿದರೆ, 0.29 ನ್ಯೂಟನ್ನಿಗೂ 0.35 ನ್ಯೂಟನ್ನಿಗೂ ಇರುವ ಅಂತರ ಆ ಸೆಲ್ಲಿನ ಕಂಪನದಲ್ಲಿಯೇ ಮುಚ್ಚಿಹೋಗುತ್ತದೆ. 10 ನ್ಯೂಟನ್ ಅಥವಾ ಅದಕ್ಕಿಂತ ಚಿಕ್ಕ ಸೆಲ್ ಬೇಕು. ವರದಿ ಕೊಟ್ಟವರನ್ನು ಈ ಪ್ರಶ್ನೆ ಕೇಳಿ ನೋಡಿ. ಉತ್ತರ ಬರಲು ತಡವಾದರೆ ಅದೇ ಒಂದು ಉತ್ತರ.

ಘರ್ಷಣೆಯ ಬಲವು ಒತ್ತುವ ಬಲಕ್ಕೆ ಅನುಪಾತದಲ್ಲಿರುತ್ತದೆ, ತಾಗುವ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಅಮೊಂಟನ್ಸ್ 1699ರಲ್ಲಿಯೇ ಹೇಳಿದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಗಟ್ಟಿಯಾದ ಒಣ ಮೈಗಳಿಗೆ ಈ ನಿಯಮ ಸಾಕಷ್ಟು ಒಪ್ಪುತ್ತದೆ. ಪಾಲಿಎಥಿಲೀನಿನಂಥ ಮೆತ್ತನೆಯ ಮೈಗಳು ಅದಕ್ಕೆ ಪೂರ್ತಿಯಾಗಿ ಬಗ್ಗುವುದಿಲ್ಲ. ಹೆಚ್ಚು ಹೊತ್ತು ಒತ್ತಿಟ್ಟರೆ ಅಂಟಿಕೊಳ್ಳುತ್ತವೆ, ವೇಗ ಬದಲಾದರೆ ಅಂಕಿಯೂ ಬದಲಾಗುತ್ತದೆ. ತೂಕ, ಅಳತೆ, ವೇಗಗಳನ್ನು ವಿಧಾನವೇ ಕಟ್ಟುನಿಟ್ಟಾಗಿ ಗೊತ್ತುಮಾಡಿರುವುದು ಆ ಕಾರಣದಿಂದ. ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 8295 ವಿಧಾನದಲ್ಲಿಯೂ 200 ಗ್ರಾಂ ಸ್ಲೆಡ್ಡೇ ಇದೆ. ಆದರೆ ಹೊದಿಕೆ ಫೆಲ್ಟಿನದು, ವೇಗ ನಿಮಿಷಕ್ಕೆ 100 ಮಿ.ಮೀ. ಒಂದು ವಿಧಾನದ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸಬಾರದು.

ಪರೀಕ್ಷೆ ಕೆಡುವುದು ಹೆಚ್ಚಾಗಿ ಯಂತ್ರದಿಂದಲ್ಲ, ಕೈಯಿಂದ. ಬೆರಳಿನ ಜಿಡ್ಡು ತಾಗಿದ ಜಾಗದಲ್ಲಿ ಗ್ರಾಫ್ ಏರಿಳಿಯುತ್ತದೆ. ಆದ್ದರಿಂದ ತುಂಡನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಸ್ಲೆಡ್ಡಿನ ಮುಂದಿನ ಅಂಚಿನಲ್ಲಿ ಫಿಲ್ಮಿನ ಕತ್ತರಿಸಿದ ಬದಿ ಕೆಳಗೆ ಬಂದರೆ ಅದು ಉಳಿಯಂತೆ ಕೆರೆಯುತ್ತದೆ. ಮೇಲಕ್ಕೆ ಮಡಚಿ ಟೇಪ್ ಹಾಕಬೇಕು. ಒಮ್ಮೆ ಎಳೆದ ತುಂಡನ್ನು ಮತ್ತೆ ಬಳಸಕೂಡದು, ಐದು ಜೋಡಿ ಹೊಸ ತುಂಡುಗಳು ಬೇಕು. ತುಂಡುಗಳನ್ನು 23 ಡಿಗ್ರಿ ಉಷ್ಣತೆ, ಶೇ 50ರ ತೇವಾಂಶದಲ್ಲಿ 40 ಗಂಟೆ ಇಟ್ಟು ಆಮೇಲೆ ಪರೀಕ್ಷಿಸುವುದು ರೂಢಿ.

ಇನ್ನು ನಿಮ್ಮ ಯಂತ್ರದ ವಿಷಯ. ಕಾಲರ್ ಮೇಲೆ ಹತ್ತಿ ಒಳಕ್ಕೆ ತಿರುಗುವಾಗ ಉಕ್ಕಿಗೆ ಉಜ್ಜುವುದು ಪೌಚಿನ ಹೊರಮೈ, ಅಂದರೆ ಪಾಲಿಯೆಸ್ಟರ್. ಕೊಳವೆಗೆ ಉಜ್ಜುವುದು ಒಳಮೈ, ಅಂದರೆ ಪಾಲಿಎಥಿಲೀನ್. ಎಳೆಯುವ ಬೆಲ್ಟಿಗೆ ತಾಗುವುದು ಮತ್ತೆ ಹೊರಮೈ. ಒಳಮೈಗೆ ಒಳಮೈ ಎಂಬ ಜೋಡಿ ಈ ದಾರಿಯಲ್ಲಿ ಎಲ್ಲಿಯೂ ಬರುವುದೇ ಇಲ್ಲ. ಅಷ್ಟೇ ಅಲ್ಲ, ಹೊರಮೈ ಕಾಲರಿನ ಮೇಲೆ ಸಲೀಸಾಗಿ ಜಾರಬೇಕು, ಆದರೆ ಬೆಲ್ಟಿನ ರಬ್ಬರಿನ ಮೇಲೆ ಜಾರಕೂಡದು. ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಬೇರೂರಿದೆ; ಹೊರಮೈ ಅತಿಯಾಗಿ ಜಾರಿದರೆ ಬೆಲ್ಟು ಸುತ್ತಿಯೂ ಫಿಲ್ಮ್ ಅಷ್ಟು ದೂರ ಇಳಿಯುವುದಿಲ್ಲ, ಪೌಚು ಗಿಡ್ಡವಾಗುತ್ತದೆ. ಸ್ಲೆಡ್ಡಿಗೆ ಫಿಲ್ಮ್ ಸುತ್ತಿ, ಮೇಜಿನ ಮೇಲೆ ಫಿಲ್ಮಿಗೆ ಬದಲು ನಿಮ್ಮ ಕಾಲರಿನಷ್ಟೇ ನಯವಾದ ಉಕ್ಕಿನ ತಗಡನ್ನಿಟ್ಟು ಎಳೆಸಿ. ಮೈಸೂರಿನಲ್ಲಿಯೇ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಸಂಸ್ಥೆಯಾದ ಸಿಪೆಟ್ ಇದೆ, ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ಆಹಾರ ಪ್ಯಾಕೇಜಿಂಗ್ ವಿಭಾಗವೇ ಇದೆ. ಬೆಂಗಳೂರಿಗೆ ಕಳುಹಿಸುವ ಮುನ್ನ ಇಲ್ಲಿ ವಿಚಾರಿಸಿ.

ಉತ್ತರ: ಬ್ಲೋನ್‌ಫಿಲ್ಮ್_ನಂಜನಗೂಡು

ಮೇಲಿನವರು ಅಳತೆಯ ವಿಷಯವನ್ನು ಸರಿಯಾಗಿ ಹೇಳಿದ್ದಾರೆ. ಅದೇ ಅಂಕಿ ಕೊಟ್ಟ ಎರಡು ರೋಲುಗಳು ಬೇರೆ ಬೇರೆಯಾಗಿ ಓಡುವುದೇಕೆ ಎಂಬುದಕ್ಕೆ ಫಿಲ್ಮ್ ತಯಾರಿಸುವ ಕಡೆಯಿಂದ ನಾನು ಉತ್ತರಿಸುತ್ತೇನೆ.

ಪಾಲಿಎಥಿಲೀನ್ ತಾನಾಗಿಯೇ ಜಾರುವ ವಸ್ತುವಲ್ಲ. ಅದರಲ್ಲೂ ಸೀಲು ಬೇಗ ಹಿಡಿಯಲಿ ಎಂದು ಹಾಕುವ ಮೆಟಲೋಸೀನ್ ದರ್ಜೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದ್ದರಿಂದ ಪ್ಲಾಸ್ಟಿಕ್ ಕಾಳಿನ ಜೊತೆಗೆ ಸ್ಲಿಪ್, ಅಂದರೆ ಜಾರಿಕೆ ತರುವ ವಸ್ತು, ಬೆರೆಸಿದ ಮಾಸ್ಟರ್‌ಬ್ಯಾಚ್ ಹಾಕುತ್ತೇವೆ. ಅದರಲ್ಲಿರುವುದು ಸಾಮಾನ್ಯವಾಗಿ ಎರುಕಮೈಡ್ ಅಥವಾ ಓಲಿಯಮೈಡ್ ಎಂಬ ಕೊಬ್ಬಿನಾಮ್ಲದ ಅಮೈಡ್. ಪ್ರಮಾಣ ದಶಲಕ್ಷಕ್ಕೆ 500ರಿಂದ 1500 ಭಾಗದವರೆಗೆ. ಫಿಲ್ಮ್ ಊದುವಾಗ ಇದು ಕರಗಿದ ಪ್ಲಾಸ್ಟಿಕ್ಕಿನಲ್ಲಿ ಬೆರೆತಿರುತ್ತದೆ. ತಣ್ಣಗಾದ ಮೇಲೆ ಅಲ್ಲಿ ನಿಲ್ಲಲಾಗದೆ ಮೆಲ್ಲಮೆಲ್ಲಗೆ ಮೈಗೆ ಬಂದು ಮೇಣದಂಥ ತೆಳುಪದರವಾಗಿ ಕೂರುತ್ತದೆ. ಜಾರುವಿಕೆ ಬರುವುದು ಆ ಪದರದಿಂದ. ಓಲಿಯಮೈಡ್ ಬೇಗ ಹೊರಬರುತ್ತದೆ, ಎರುಕಮೈಡ್ ನಿಧಾನ. ಆದರೆ ಬಿಸಿಯನ್ನು ಎರುಕಮೈಡ್ ಹೆಚ್ಚು ತಾಳುತ್ತದೆ. ಊದಿದ ಕೂಡಲೇ ಅಳೆದ ಫಿಲ್ಮಿನ ಅಂಕಿ ಹೆಚ್ಚಿರುತ್ತದೆ, ಒಂದೆರಡು ದಿನ ಕಳೆದ ಮೇಲೆ ಅಳೆದರೆ ಇಳಿದಿರುತ್ತದೆ. ಹಾಗಾಗಿ ದಿನಾಂಕವಿಲ್ಲದ ಅಂಕಿಗೆ ಬೆಲೆ ಕಡಿಮೆ.

ಇಷ್ಟರಲ್ಲೇ ಮುಗಿದಿದ್ದರೆ ನಿಮಗೆ ತೊಂದರೆ ಇರುತ್ತಿರಲಿಲ್ಲ. ನಿಮ್ಮದು ಲ್ಯಾಮಿನೇಟ್ ಆದ್ದರಿಂದ ಪಾಲಿಯೆಸ್ಟರನ್ನೂ ಪಾಲಿಎಥಿಲೀನನ್ನೂ ಪಾಲಿಯುರೆಥೇನ್ ಅಂಟಿನಿಂದ ಕೂಡಿಸಿರುತ್ತಾರೆ. ಆ ಅಂಟು, ವಿಶೇಷವಾಗಿ ದ್ರಾವಕವಿಲ್ಲದ ಬಗೆಯದು, ಸ್ಲಿಪ್ಪನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅಂಟು ಪಕ್ವವಾಗಲೆಂದು ರೋಲನ್ನು ಬಿಸಿ ಕೋಣೆಯಲ್ಲಿಟ್ಟಾಗ ಇದು ಇನ್ನೂ ಹೆಚ್ಚುತ್ತದೆ. ಲ್ಯಾಮಿನೇಟ್ ಮಾಡುವ ಮೊದಲು 0.15 ಇದ್ದ ಒಳಮೈ, ಮಾಡಿದ ಮೇಲೆ 0.30 ದಾಟಿದರೆ ಆಶ್ಚರ್ಯವಿಲ್ಲ. ನಿಮಗೆ ಬಂದ ವರದಿ ಲ್ಯಾಮಿನೇಟಿನದೋ, ಅಥವಾ ಬರೀ ಪಾಲಿಎಥಿಲೀನ್ ಫಿಲ್ಮ್ ಬಂದಾಗ ಅದರ ಜೊತೆಗಿದ್ದ ಕಾಗದದ ಅಂಕಿಯನ್ನೇ ನಕಲು ಮಾಡಿದ್ದೋ ಎಂದು ವಿಚಾರಿಸಿ.

ಇನ್ನೊಂದು ಸಂಗತಿ ಅನೇಕರ ಗಮನಕ್ಕೆ ಬರುವುದಿಲ್ಲ. ಸುತ್ತಿದ ರೋಲಿನಲ್ಲಿ ಒಳಮೈ ಯಾವಾಗಲೂ ಮುಂದಿನ ಸುತ್ತಿನ ಹೊರಮೈಗೆ ಒತ್ತಿಕೊಂಡೇ ಇರುತ್ತದೆ. ಅಲ್ಲಿ ಸ್ಲಿಪ್ ಒಂದಿಷ್ಟು ಪಾಲಿಯೆಸ್ಟರಿಗೂ ಹತ್ತುತ್ತದೆ. ಬಿಗಿಯಾಗಿ ಸುತ್ತಿದ ರೋಲಿನ ಒಳಸುತ್ತುಗಳಲ್ಲಿ ಹೆಚ್ಚು, ಹೊರಸುತ್ತುಗಳಲ್ಲಿ ಕಡಿಮೆ. ಒಂದೇ ರೋಲು ಬೆಳಿಗ್ಗೆ ಒಂದು ರೀತಿ, ಮುಗಿಯುವ ಹೊತ್ತಿಗೆ ಇನ್ನೊಂದು ರೀತಿ ಓಡಲು ಇದೂ ಒಂದು ಕಾರಣ. ತಾರೀಕು ಹೊಡೆಯುವ ಶಾಯಿ ಹೊರಮೈಯಲ್ಲಿ ಸರಿಯಾಗಿ ನಿಲ್ಲದಿದ್ದರೆ ಸ್ಲಿಪ್ ಹತ್ತಿದೆಯೇ ಎಂದು ಮೊದಲು ಸಂಶಯಪಡಿ.

ಮಧ್ಯಾಹ್ನದ ಸಮಸ್ಯೆಗೂ ಇದರಲ್ಲಿಯೇ ಅರ್ಧ ಉತ್ತರವಿದೆ. ಫಿಲ್ಮ್ ಬಿಸಿಯಾದಷ್ಟೂ ಪಾಲಿಎಥಿಲೀನ್ ಹೆಚ್ಚು ಸ್ಲಿಪ್ಪನ್ನು ಮತ್ತೆ ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಮೈ ಮೇಲಿನ ಪದರ ತೆಳುವಾಗುತ್ತದೆ. ಎಪ್ರಿಲ್ ತಿಂಗಳಲ್ಲಿ ಶೀಟಿನ ಛಾವಣಿಯ ಕೆಳಗೆ ಇಟ್ಟ ರೋಲಿನ ಉಷ್ಣತೆಯನ್ನೂ ಪ್ರಯೋಗಶಾಲೆಯ 23 ಡಿಗ್ರಿಯನ್ನೂ ಹೋಲಿಸಿ ನೋಡಿ. ಹೆಚ್ಚು ಸ್ಲಿಪ್ ಹಾಕಿಸಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಹಾಗೆ ಮಾಡಿದರೆ ಎರಡು ಪದರಗಳ ಹಿಡಿತವೂ ಸೀಲಿನ ಬಲವೂ ಕುಗ್ಗುವ ಅಪಾಯವಿದೆ. ಸ್ಲಿಪ್ಪಿನ ಜೊತೆಗೆ ಸಿಲಿಕಾ ಅಥವಾ ಟಾಲ್ಕಿನ ಆಂಟಿಬ್ಲಾಕ್ ತಕ್ಕಷ್ಟಿರಬೇಕು. ಅದು ಮೈಯನ್ನು ಕಣ್ಣಿಗೆ ಕಾಣದಷ್ಟು ತರಿತರಿಯಾಗಿಸಿ, ಎರಡು ಮೈಗಳು ಪೂರ್ತಿ ತಾಗದಂತೆ ನೋಡಿಕೊಳ್ಳುತ್ತದೆ, ಬಿಸಿಗೆ ಕರಗಿ ಮಾಯವಾಗುವುದೂ ಇಲ್ಲ.

ಉತ್ತರ: ಪ್ಯಾಕಿಂಗ್‌ಲೈನ್_ಮದ್ದೂರು

ಸರ್, ಇಬ್ಬರೂ ಫಿಲ್ಮಿನ ಬಗ್ಗೆ ಹೇಳಿದರು. ನಾನು ಯಂತ್ರಗಳ ರಿಪೇರಿ ಮಾಡುವವನಾದ್ದರಿಂದ ಮೊದಲು ಕೇಳುವುದೇ ಬೇರೆ: ಪುಡಿ ಬಿಡದೆ, ಖಾಲಿ ಪೌಚುಗಳನ್ನೇ ಸ್ವಲ್ಪ ಹೊತ್ತು ಓಡಿಸಿದರೆ ಸದ್ದು ಬರುತ್ತದೆಯೇ? ಬಾರದಿದ್ದರೆ ತಕರಾರು ಫಿಲ್ಮಿನದಲ್ಲ, ಬೆಲ್ಲದ ಧೂಳಿನದು. ಸಕ್ಕರೆಗಿಂತ ಬೆಲ್ಲ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಕೊಳವೆಯ ಹೊರಮೈಯಲ್ಲಿ, ಕಾಲರಿನ ಒಳಸಂದಿನಲ್ಲಿ ಕೂತ ಧೂಳು ತೇವ ಹಿಡಿದು, ಯಂತ್ರದ ಬಿಸಿಗೆ ಒಣಗಿ, ಕಂದು ಬಣ್ಣದ ಗಟ್ಟಿ ಪೊರೆಯಾಗುತ್ತದೆ. ಬೆರಳಾಡಿಸಿದರೆ ಕಾಣುವುದಕ್ಕಿಂತ ಮೊದಲು ತಾಗುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ನೋಡಿ. ಚಾಕು, ಬ್ಲೇಡು ಹಾಕಿ ಕೆರೆಯಬೇಡಿ. ಕಾಲರಿನ ಅಂಚಿಗೆ ಬಿದ್ದ ಒಂದು ಗೀರು ಮುಂದಿನ ಎಲ್ಲ ರೋಲುಗಳಿಗೂ ಗೀರು ಹಾಕುತ್ತದೆ.

ಒರೆಸಿ ಖಾಲಿ ಓಡಿಸಿದರೂ ಸದ್ದಿದ್ದರೆ ರೋಲಿನ ಬ್ರೇಕ್ ನೋಡಿ. ಬ್ರೇಕ್ ಬಿಗಿಯಾಗಿದ್ದರೆ ಫಿಲ್ಮ್ ಕಾಲರನ್ನು ಹೆಚ್ಚು ಒತ್ತುತ್ತದೆ, ಎಳೆತವೂ ಹೆಚ್ಚುತ್ತದೆ. ಆಗ ಎಂಥ ಜಾರುವ ಫಿಲ್ಮ್ ಹಾಕಿದರೂ ಕಿರುಗುಟ್ಟುತ್ತದೆ. ಬೆಲ್ಟಿನ ಮೈ ನುಣುಪಾಗಿ ಹೊಳೆಯುತ್ತಿದ್ದರೆ ಅದು ಸವೆದಿದೆ ಎಂದೇ ಲೆಕ್ಕ. ಇಷ್ಟನ್ನು ನೋಡಿದ ಮೇಲೆ ಪ್ರಯೋಗಶಾಲೆಗೆ ಹೋಗಿ ಎಂಬುದು ನನ್ನ ಅಭಿಪ್ರಾಯ.

ಉತ್ತರ: ರಟ್ಟು_ಕಾಗದ_ಮೈಸೂರು

ಪೆಟ್ಟಿಗೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕಾಗದಕ್ಕೂ ಗುಣಾಂಕ ಇದೆ, ವಿಧಾನಗಳೂ ಇವೆ. ಫಿಲ್ಮಿನ ಹಾಗೆಯೇ ಮಟ್ಟದ ಮೇಜಿನ ಮೇಲೆ ಎಳೆಯುವುದಕ್ಕೆ ಅಮೆರಿಕದ ಕಾಗದೋದ್ಯಮ ಸಂಸ್ಥೆ ಟ್ಯಾಪಿಯ ಟಿ 549 ಮತ್ತು ಐಎಸ್‌ಒ 15359, ರಟ್ಟಿನ ಪೆಟ್ಟಿಗೆಗಳಿಗೆ ಓರೆ ಹಲಗೆಯ ಟ್ಯಾಪಿ ಟಿ 815. ಆದರೆ ಕಾಗದದ ಸ್ವಭಾವ ಬೇರೆ. ಫಿಲ್ಮಿನಲ್ಲಿ ಜಾರುವಿಕೆಯನ್ನು ನಿರ್ಧರಿಸುವುದು ಮೈಗೆ ಬಂದು ಕೂತ ಸ್ಲಿಪ್. ಕಾಗದದಲ್ಲಿ ನಾರು, ನಾರಿನಲ್ಲಿ ಉಳಿದ ಮರದ ಅಂಟು ಮತ್ತು ಕೊಬ್ಬಿನಾಮ್ಲಗಳು, ಬೆರೆಸಿದ ಟಾಲ್ಕು, ನೀರು ಹೀರದಂತೆ ಹಾಕುವ ಸೈಜಿಂಗ್, ಮೇಲಿನ ಮೇಣ ಅಥವಾ ವಾರ್ನಿಷ್ ಎಲ್ಲವೂ ಪಾಲುದಾರರು. ಮರುಬಳಕೆಯ ಕಾಗದದಲ್ಲಿ ಒಂದು ಲಾಟಿನಿಂದ ಇನ್ನೊಂದಕ್ಕೆ ಇವೆಲ್ಲ ಬದಲಾಗುತ್ತವೆ.

ಕಾಗದವನ್ನು ಒಮ್ಮೆ ಜಾರಿಸಿದರೆ ಅದರ ಮೈ ಬದಲಾಗಿಬಿಡುತ್ತದೆ. ಎದ್ದು ನಿಂತ ನಾರುಗಳು ಒರಗುತ್ತವೆ, ಮೇಣ ಹರಡುತ್ತದೆ. ಅದಕ್ಕಾಗಿಯೇ ಐಎಸ್‌ಒ 15359ರಲ್ಲಿ ಅದೇ ಜೋಡಿಯನ್ನು ಮತ್ತೆ ಮತ್ತೆ ಜಾರಿಸಿ, ಮೊದಲನೆಯ ಮತ್ತು ಮೂರನೆಯ ಜಾರುವಿಕೆಯ ಅಂಕಿಗಳನ್ನು ಬೇರೆಬೇರೆಯಾಗಿ ನೋಡುತ್ತಾರೆ. ಲಾರಿಯಲ್ಲಿ ಕುಲುಕಾಡುತ್ತಾ ಹೋಗುವ ಪೆಟ್ಟಿಗೆಗೆ ಮೂರನೆಯದೇ ಹೆಚ್ಚು ಹತ್ತಿರವೆಂದು ನನ್ನ ಎಣಿಕೆ.

ಓರೆ ಹಲಗೆಯ ವಿಧಾನವನ್ನು ನಿಮ್ಮ ಘಟಕದಲ್ಲಿಯೇ ಮಾಡಿಕೊಳ್ಳಬಹುದು. ಡೊಂಕಿಲ್ಲದ ಹಲಗೆಯೊಂದನ್ನು ಒಂದು ಬದಿಯಲ್ಲಿ ಕೀಲು ಹಾಕಿ ಮೇಜಿಗೆ ಸೇರಿಸಿ. ಪೆಟ್ಟಿಗೆಯ ಮೇಲ್ಮೈಯಿಂದ ಕತ್ತರಿಸಿದ ಅಗಲವಾದ ತುಂಡನ್ನು ಹಲಗೆಗೆ ಅಂಟಿಸಿ. ಇನ್ನೊಂದು ತುಂಡನ್ನು ಚಪ್ಪಟೆಯಾದ ತೂಕದ ಬಿಲ್ಲೆಯ ಕೆಳಗೆ ಅಂಟಿಸಿ ಅದರ ಮೇಲಿಡಿ. ಹಲಗೆಯ ಇನ್ನೊಂದು ಬದಿಯನ್ನು ಅಲುಗಾಡಿಸದೆ, ಒಂದೇ ಸಮನೆ ನಿಧಾನವಾಗಿ ಮೇಲೆತ್ತುತ್ತಾ ಬಂದು, ಬಿಲ್ಲೆ ಜಾರಲು ಶುರುವಾದ ಕೋನವನ್ನು ಬರೆದುಕೊಳ್ಳಿ; ಕೋನ ನೋಡಲು ಮೊಬೈಲಿನ ಮಟ್ಟಗೋಲು ಆ್ಯಪ್ ಸಾಕು. ಆ ಕೋನದ ಟ್ಯಾಂಜೆಂಟೇ ಸ್ಥಾಯಿ ಘರ್ಷಣೆಯ ಗುಣಾಂಕ: 10 ಡಿಗ್ರಿಗೆ 0.18, 15ಕ್ಕೆ 0.27, 20ಕ್ಕೆ 0.36, 25ಕ್ಕೆ 0.47, 30ಕ್ಕೆ 0.58. ಬಿಲ್ಲೆ ಎತ್ತರವಾಗಿದ್ದರೆ ಜಾರುವ ಬದಲು ಮಗುಚುತ್ತದೆ, ಆದ್ದರಿಂದ ಅಗಲವಾದ ಚಪ್ಪಟೆ ಬಿಲ್ಲೆಯೇ ಇರಲಿ. ಫಿಲ್ಮನ್ನೂ ಇದೇ ಹಲಗೆಯ ಮೇಲೆ ನೋಡಬಹುದು. ಜಾರು ಘರ್ಷಣೆಯ ಅಂಕಿ ಮಾತ್ರ ಇದರಿಂದ ಸಿಗುವುದಿಲ್ಲ.

ಪೆಟ್ಟಿಗೆಗೆ ಹೆಚ್ಚು ತೂಕ ತುಂಬಿದರೆ ಜಾರುವುದಿಲ್ಲ ಎಂದು ಗೋದಾಮಿನವರು ಹೇಳುವುದುಂಟು. ಅದು ಸರಿಯಲ್ಲ. ತೂಕ ಹೆಚ್ಚಾದರೆ ಹಿಡಿದಿಡುವ ಘರ್ಷಣೆಯೂ ಹೆಚ್ಚುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ನೂಕುವ ಬಲವೂ ಅಷ್ಟೇ ಹೆಚ್ಚುತ್ತದೆ. ಲೆಕ್ಕದಲ್ಲಿ ತೂಕ ಎರಡೂ ಕಡೆ ಹೊಡೆದುಹೋಗುತ್ತದೆ. ಲಾರಿಯ ವೇಗ ಕುಗ್ಗುವ ದರ ಗುರುತ್ವದ ಅರ್ಧದಷ್ಟಾಯಿತು ಎನ್ನಿ, ಗುಣಾಂಕ 0.5ಕ್ಕಿಂತ ಕಡಿಮೆಯಿರುವ, ಹಗ್ಗ ಕಟ್ಟದ ಪೆಟ್ಟಿಗೆ ಐದು ಕೆಜಿಯದಾದರೂ ಇಪ್ಪತ್ತು ಕೆಜಿಯದಾದರೂ ಜಾರುತ್ತದೆ. ವಾರ್ನಿಷ್ ಬೇಕೇ ಬೇಕೆಂದಾದರೆ ನಾಲ್ಕು ಪಕ್ಕಗಳಿಗೆ ಮಾತ್ರ ಹಾಕಿಸಿ, ಒಂದರ ಮೇಲೊಂದು ಕೂರುವ ಮೇಲ್ಮೈ ಮತ್ತು ತಳವನ್ನು ಹಾಗೆಯೇ ಬಿಡಿಸಿ. ಜಾರದಂತೆ ತಡೆಯುವ ಕೊಲಾಯ್ಡಲ್ ಸಿಲಿಕಾ ಲೇಪನವೂ ಸಿಗುತ್ತದೆ. ಇಟ್ಟಿಗೆ ಕಟ್ಟಿದಂತೆ ಸಾಲು ಬದಲಿಸಿ ಜೋಡಿಸಿದರೆ ಜಾರುವುದು ಕಡಿಮೆಯಾಗುತ್ತದೆ ನಿಜ. ಆದರೆ ಮೇಲಿನ ಪೆಟ್ಟಿಗೆಯ ಮೂಲೆ ಕೆಳಗಿನದರ ಮೂಲೆಯ ಮೇಲೆ ಕೂರದ ಕಾರಣ ತಳದ ಸಾಲು ಬೇಗ ಕುಸಿಯುತ್ತದೆ.

ಪ್ರಶ್ನೆ ಕೇಳಿದವರಿಂದ: ಆಲೆಮನೆ_ಮಂಡ್ಯ

ಎಲ್ಲರಿಗೂ ಧನ್ಯವಾದಗಳು. ಮದ್ದೂರಿನವರು ಹೇಳಿದಂತೆ ಮೊದಲು ಕೊಳವೆ ಮತ್ತು ಕಾಲರನ್ನು ಒರೆಸಿ, ಖಾಲಿ ಪೌಚುಗಳನ್ನು ಓಡಿಸಿದೆವು. ಕೊಳವೆಯ ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಅವರು ಹೇಳಿದ ಕಂದು ಪೊರೆ ಇತ್ತು. ಅದನ್ನು ತೆಗೆದ ಮೇಲೆ ಉದ್ದದ ಹೆಚ್ಚುಕಡಿಮೆ ಬಹುಮಟ್ಟಿಗೆ ನಿಂತಿದೆ. ಆದರೆ ತೊಂದರೆ ಕೊಡುತ್ತಿದ್ದ ರೋಲಿನಲ್ಲಿ ಕಾಲರಿನ ಸದ್ದು ಮಾತ್ರ ಪೂರ್ತಿ ಹೋಗಿಲ್ಲ.

ಹಲಗೆಯನ್ನೂ ಮಾಡಿಸಿ, ಅದರ ಮೇಲೆ ಉಕ್ಕಿನ ತಗಡು ಅಂಟಿಸಿ ನೋಡಿದೆವು. ಚೆನ್ನಾಗಿ ಓಡುವ ರೋಲಿನ ಹೊರಮೈ ತಗಡಿನ ಮೇಲೆ ಜಾರುವ ಕೋನಕ್ಕಿಂತ ಸದ್ದು ಮಾಡುವ ರೋಲಿನ ಕೋನ ಎದ್ದುಕಾಣುವಷ್ಟು ಹೆಚ್ಚಿದೆ. ಒಳಮೈಗೆ ಒಳಮೈ ಇಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ. ವರದಿಯಲ್ಲಿ ವ್ಯತ್ಯಾಸ ಕಾಣದೆ ಇದ್ದುದೇಕೆ ಎಂಬುದು ಇದರಿಂದ ಸ್ಪಷ್ಟವಾಯಿತು. ಪೆಟ್ಟಿಗೆಯವರಿಗೆ ಮೇಲ್ಮೈ ಮತ್ತು ತಳಕ್ಕೆ ವಾರ್ನಿಷ್ ಬೇಡವೆಂದು ತಿಳಿಸಿದ್ದೇವೆ.

ಇನ್ನು ಒಂದೇ ಪ್ರಶ್ನೆ ಉಳಿದಿದೆ. ಮುಂದಿನ ಬಾರಿ ಫಿಲ್ಮಿಗೆ ಆರ್ಡರ್ ಕೊಡುವಾಗ ಪತ್ರದಲ್ಲಿ ಏನೆಂದು ಬರೆಯಬೇಕು?

ಉತ್ತರ: ಪರೀಕ್ಷಾಲಯ_ಹೆಬ್ಬಾಳ

ಒಂದು ಅಂಕಿಯನ್ನು ಕೇಳಬೇಡಿ, ಮೇಲಿನ ಮತ್ತು ಕೆಳಗಿನ ಮಿತಿಗಳೆರಡನ್ನೂ ಕೇಳಿ. ಅಂಕಿ ಲ್ಯಾಮಿನೇಟ್ ಆಗಿ, ಅಂಟು ಪಕ್ವವಾದ ಮೇಲಿನದಾಗಿರಬೇಕು. ಒಳಮೈಗೆ ಉಕ್ಕು ಮತ್ತು ಹೊರಮೈಗೆ ಉಕ್ಕು ಎಂದು ಎರಡು ಜೋಡಿಗಳಿಗೆ ಬೇರೆಬೇರೆಯಾಗಿರಬೇಕು. ಅನುಸರಿಸಿದ ವಿಧಾನ, ಪರೀಕ್ಷೆಯ ದಿನಾಂಕ, ಉಷ್ಣತೆಗಳನ್ನು ನಮೂದಿಸಿರಬೇಕು. ಮಿತಿಗಳನ್ನು ಪುಸ್ತಕದಿಂದ ಎತ್ತಿಕೊಳ್ಳುವ ಅಗತ್ಯವಿಲ್ಲ. ನಿಮ್ಮಲ್ಲಿ ಸಲೀಸಾಗಿ ಓಡಿದ ರೋಲುಗಳಿಂದ ತುಂಡುಗಳನ್ನು ಪರೀಕ್ಷೆ ಮಾಡಿಸಿ, ಅಲ್ಲಿ ಬಂದ ವ್ಯಾಪ್ತಿಯನ್ನೇ ಮಿತಿಯಾಗಿ ಬರೆಯಿರಿ. ಅದು ನಿಮ್ಮ ಯಂತ್ರಕ್ಕೆ ಒಪ್ಪಿದ ಅಂಕಿ, ಬೇರೆಯವರ ಯಂತ್ರಕ್ಕೆ ಒಪ್ಪಬೇಕೆಂದೇನೂ ಇಲ್ಲ. ಉಕ್ಕಿನ ತಗಡನ್ನು ಪ್ರತಿ ಸಲ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಣಗಿಸಿದ ಮೇಲೆಯೇ ಬಳಸಿ, ಇಲ್ಲದಿದ್ದರೆ ಹಿಂದಿನ ಫಿಲ್ಮಿನಿಂದ ಹತ್ತಿದ ಸ್ಲಿಪ್ ಮುಂದಿನದರ ಅಂಕಿಯನ್ನು ಸುಳ್ಳಾಗಿಯೇ ಇಳಿಸುತ್ತದೆ.

ರೋಲು ಬಂದಾಗ ಹೊರಗಿನ ಕೆಲವು ಸುತ್ತುಗಳನ್ನು ಬಿಟ್ಟು ಒಳಗಿನಿಂದ ಒಂದು ಮೀಟರ್ ಕತ್ತರಿಸಿ, ಮಡಚದೆ, ಒಳಮೈ ಹೊರಮೈಗೆ ತಾಗದಂತೆ ನಡುವೆ ಶುಭ್ರವಾದ ಅಲ್ಯೂಮಿನಿಯಂ ಫಾಯಿಲ್ ಇಟ್ಟು, ರೋಲಿನ ಸಂಖ್ಯೆ ಬರೆದು ನೆರಳಿನಲ್ಲಿಡಿ. ಮುಂದೆ ತಕರಾರು ಬಂದಾಗ ಒದಗಿಸಿದವರ ಮುಂದೆ ಇಡಲು ಆ ತುಂಡು ಬೇಕಾಗುತ್ತದೆ.